ಬಂಗಿಗೆ ಅಜೆಲೈಕ್ ಆಸಿಡ್ 20% ಕ್ರೀಮ್: ಕೆಲಸ ಮಾಡುತ್ತದೆ, ಆದರೆ ನಿಧಾನ

ಹದಿನೈದು ದಿನದಲ್ಲಿ ಮುಖ ತಿಳಿಯಾಗಬೇಕು ಅನ್ನುವವರು ಈ ಕ್ರೀಮ್ ತಗೋಬೇಡಿ. ಕಾಯುವವರಿಗೆ ಒಳ್ಳೆಯದು.

ನಮ್ಮ ಅತ್ತಿಗೆಗೆ ಎರಡನೇ ಬಸಿರಿನಲ್ಲಿ ಕೆನ್ನೆ, ಮೂಗಿನ ಮೇಲೆ ಬಂಗು ಬಂತು. ಹಾರ್ಮೋನು ಏರುಪೇರಾದಾಗ ಚರ್ಮದಲ್ಲಿ ಬಣ್ಣ ಜಾಸ್ತಿ ತಯಾರಾಗುತ್ತದೆ, ಮೇಲೆ ಬಿಸಿಲು ಬಿದ್ದರೆ ಇನ್ನೂ ಕಪ್ಪು. ಚಿಕ್ಕಬಳ್ಳಾಪುರದ ಹತ್ತಿರ ಸೇವಂತಿಗೆ ತೋಟ ನಮ್ಮದು, ಬಿಸಿಲು ತಪ್ಪಿಸೋದು ಹೇಗೆ? ಅಜ್ಜಿ ನಿಂಬೆರಸ ಹಚ್ಚು ಅಂದರು. ಬಿಸಿಲಿಗೆ ಹೋಗುವ ಮುಖಕ್ಕೆ ಅದು ಬೇಡವೇ ಬೇಡ, ಸುಟ್ಟು ಹೊಸ ಕಲೆಯಾಗುತ್ತದೆ.

ಮಗುವಿಗೆ ಹಾಲು ಕುಡಿಸುತ್ತಿದ್ದೇನೆ ಅಂತ ಅತ್ತಿಗೆ ಹೇಳಿದ್ದಕ್ಕೇ ಚರ್ಮದ ಡಾಕ್ಟರು ಈ ಕ್ರೀಮ್ ಬರೆದಿದ್ದು. ಇದು ಕಲೆಯನ್ನು ಉಜ್ಜಿ ತೆಗೆಯಲ್ಲ, ಹೊಸದಾಗಿ ಬಣ್ಣ ತಯಾರಾಗೋದನ್ನು ತಡೆಯುತ್ತದೆ, ಹಳೇದು ಚರ್ಮದ ಜೊತೆ ತಾನಾಗಿ ಉದುರಬೇಕು, ಅದಕ್ಕೇ ತಿಂಗಳುಗಟ್ಟಲೆ ಹಿಡಿಯೋದು. ಮೊದಮೊದಲು ಚುರುಚುರು ಉರಿ, ನವೆ ಇತ್ತು. ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಲು ಶುರು ಮಾಡಿದರು, ಉರಿ ಕಡಿಮೆಯಾಯಿತು. ಈಗ ಮೂಗಿನ ಮೇಲಿನದು ಹೆಚ್ಚುಕಡಿಮೆ ಹೋಗಿದೆ. ಕೆನ್ನೆಯದು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ.

ಸನ್‌ಸ್ಕ್ರೀನ್ ಇಲ್ಲದಿದ್ದರೆ ಈ ಕ್ರೀಮಿಗೆ ಸುಮ್ನೆ ದುಡ್ಡು ಹಾಕಬೇಡಿ. ಅದರಲ್ಲೂ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನೇ ತಗೊಳ್ಳಿ. ಬಂಗಿಗೆ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಆಗಿಬರಲ್ಲ, ಮಾಮೂಲಿ ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯಲ್ಲ. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ಕ್ಕಿಂತ ಕಡಿಮೆ ಬೇಡ. ತೋಟದಲ್ಲಿ ಬೆವರಿಗೆ ಇಳಿದು ಹೋಗುತ್ತದೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜೊತೆಗೆ ಅಗಲವಾದ ಟೋಪಿ, ಸೆರಗು ಏನಾದರೂ ಇರಲಿ.

ನನಗೆ ಸಿಟ್ಟು ಬಂದಿದ್ದು ಒಂದು ಮೆಡಿಕಲ್ ಶಾಪಿನಲ್ಲಿ. ಚೀಟಿ ಕೈಯಲ್ಲೇ ಇದ್ದರೂ "ಇದು ಬೇಗ ಕೆಲಸ ಮಾಡುತ್ತೆ ಅಕ್ಕ" ಅಂತ ಬೇರೆ ಟ್ಯೂಬ್ ಕೊಡಲು ಬಂದರು. ತಿರುಗಿಸಿ ಓದಿದರೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್! ಡಾಕ್ಟರು ಕೆಲವರಿಗೆ ಸ್ವಲ್ಪ ಕಾಲ, ತಾವೇ ನೋಡಿಕೊಂಡು ಕೊಡುತ್ತಾರೆ, ಆ ಮಾತು ಬೇರೆ. ನಮ್ಮ ಪಾಡಿಗೆ ನಾವು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಕೆನ್ನೆ ಮೇಲೆ ಕೂದಲೂ ಬರಬಹುದು. ಹಾಲುಣಿಸುವ ತಾಯಿ ಅಂತಾನೂ ಕೇಳಲಿಲ್ಲವಲ್ಲ!

ಐದಕ್ಕೆ ನಾಲ್ಕು ಕೊಡುತ್ತೇನೆ. ಟ್ಯೂಬ್ ತೀರಾ ಚಿಕ್ಕದು, ಬೇಗ ಮುಗಿಯುತ್ತದೆ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಬೇಡಿ, ಚೀಟಿ ತೋರಿಸಿ, ಕೊಟ್ಟ ಟ್ಯೂಬಿನ ಮೇಲೆ ಅಜೆಲೈಕ್ ಆಸಿಡ್ ಒಂದೇ ಬರೆದಿದೆಯಾ ಅಂತ ಅಲ್ಲೇ ಓದಿ ನೋಡಿ.