ಇಳಿಬಿಸಿಲಿಗೆ ವೈಸರ್ ಫಲಕ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್, ಫಿಲ್ಮ್: ಯಾವುದಕ್ಕೆ ದುಡ್ಡು ಹಾಕಬಹುದು?

ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೆ ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟರೆ ಸೂರ್ಯ ರಸ್ತೆಯ ತುದಿಯಲ್ಲೇ ಕೂತಿರುತ್ತಾನೆ. ರಸ್ತೆ ಹೆಚ್ಚುಕಡಿಮೆ ನೈಋತ್ಯಕ್ಕೆ ಓಡುತ್ತದೆ, ಸೂರ್ಯ ಮುಳುಗುವುದೂ ಆಗ ನೇರ ಪಶ್ಚಿಮಕ್ಕಿಂತ 24 ಡಿಗ್ರಿಯಷ್ಟು ದಕ್ಷಿಣಕ್ಕೆ. ಸಂಜೆ ಕೋಲಾರದಿಂದ ಬೆಂಗಳೂರಿಗೆ ವಾಪಸಾಗುವವರಿಗೆ ಇದೇ ಕಾಟ ನವೆಂಬರ್ ಮತ್ತು ಫೆಬ್ರವರಿಯ ಮೊದಲ ವಾರಗಳಲ್ಲಿ. ನೇರ ಪೂರ್ವ-ಪಶ್ಚಿಮದ ರಸ್ತೆಯಾದರೆ ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸು. ನಮ್ಮ ಸೀಮೆಯಲ್ಲಿ ಸೂರ್ಯ ಬಹುಪಾಲು ನೆಟ್ಟಗೆ ಇಳಿಯುತ್ತಾನೆ, ಒಂದು ಡಿಗ್ರಿಗೆ ಸುಮಾರು 4 ನಿಮಿಷ. ಹಾಗಾಗಿ ನಿಜವಾದ ತೊಂದರೆ ಕಡೆಯ ಮುಕ್ಕಾಲು ಗಂಟೆಯದು. ಆ ಮುಕ್ಕಾಲು ಗಂಟೆಗೆಂದೇ ಆನ್‌ಲೈನಿನಲ್ಲೂ ಕಾರು ಆಕ್ಸೆಸರಿ ಅಂಗಡಿಗಳಲ್ಲೂ ಮಾರುವ ಸಾಮಾನು ಬೇಕಾದಷ್ಟಿದೆ. ಅದರಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ.

ಮೊದಲು ವೈಸರಿಗೆ, ಅಂದರೆ ಮುಂದಿನ ಗಾಜಿನ ಮೇಲಂಚಿನಲ್ಲಿ ಮಡಚಿ ಇಳಿಸುವ ಬಿಸಿಲುತಡೆಗೆ, ಸಿಕ್ಕಿಸುವ ಬಣ್ಣದ ಫಲಕ. ಜಾಹೀರಾತಿನಲ್ಲಿ ಹೆಚ್ಚು ಕಾಣುವುದು ಇದೇ. ಎರಡು ಪದರ ಇರುತ್ತದೆ: ಹಗಲಿಗೆ ಬೂದು ಅಥವಾ ಹಸಿರು ಛಾಯೆಯದು, ರಾತ್ರಿಗೆ ಹಳದಿಯದು. ಎರಡನ್ನೂ ಬೇರೆ ಬೇರೆ ಮಡಚಬಹುದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಇದರ ಉಪಯೋಗ ಎಲ್ಲಿದೆ ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ವೈಸರ್ ಇಳಿಸಿದಾಗ ಅದರ ಕೆಳಅಂಚು ಕಣ್ಣಿನಿಂದ ಸುಮಾರು 40 ಸೆಂ.ಮೀ. ದೂರದಲ್ಲಿರುತ್ತದೆ ಎಂದುಕೊಳ್ಳಿ. ಅಲ್ಲಿಂದ ಕೆಳಕ್ಕೆ 10 ಸೆಂ.ಮೀ. ಫಲಕ ಇಳಿದರೆ 14 ಡಿಗ್ರಿಯಷ್ಟು ಆಕಾಶ ಮುಚ್ಚುತ್ತದೆ. ಡಿಗ್ರಿಗೆ 4 ನಿಮಿಷವೆಂದರೆ ಹೆಚ್ಚುಕಡಿಮೆ ಕೊನೆಯ ಒಂದು ಗಂಟೆಯ ಸೂರ್ಯ ಪೂರ್ತಿ ಅದರ ಹಿಂದೆ. ಕೇಳಲು ಚೆನ್ನಾಗಿದೆ. ಆದರೆ ಇದೇ ಲೆಕ್ಕದ ಇನ್ನೊಂದು ಮುಖ ಜಾಹೀರಾತಿನಲ್ಲಿ ಇರುವುದಿಲ್ಲ: ಅಷ್ಟು ಇಳಿದ ಫಲಕ ರಸ್ತೆಯನ್ನೂ ಮುಚ್ಚುತ್ತದೆ. ಅಂದರೆ ಎದುರಿನ ಲಾರಿ, ಅಡ್ಡ ಬರುವ ಎಮ್ಮೆ, ಬಣ್ಣ ಮಾಸಿದ ಹಂಪು ಎಲ್ಲವನ್ನೂ ನೀವು ಆ ಪ್ಲಾಸ್ಟಿಕ್ ಮೂಲಕವೇ ನೋಡಬೇಕು. ಹಾಗಾಗಿ ಇಲ್ಲಿ ನೋಡಬೇಕಾದ ಗುಣ ಒಂದೇ, ಪ್ಲಾಸ್ಟಿಕ್ ಎಷ್ಟು ಸಮ ಇದೆ ಎಂಬುದು.

ಪರೀಕ್ಷೆ ಸುಲಭ. ಫಲಕವನ್ನು ಕೈ ಚಾಚಿದಷ್ಟು ದೂರ ಹಿಡಿದು ಅದರ ಮೂಲಕ ಟ್ಯೂಬ್‌ಲೈಟಿನ ಪಟ್ಟಿಯನ್ನೋ ಬಾಗಿಲ ಚೌಕಟ್ಟನ್ನೋ ನೋಡುತ್ತ ನಿಧಾನವಾಗಿ ಅತ್ತಿತ್ತ ಆಡಿಸಿ. ಗೆರೆ ಹಾವಿನಂತೆ ಬಳುಕಿದರೆ ವಾಪಸ್ ಕಳಿಸಿ, ಯೋಚನೆ ಬೇಡ. ಅಗ್ಗದ ಫಲಕಗಳು ಅಂಚಿನ ಕಡೆ ಬಳುಕುವುದು ಸಾಮಾನ್ಯ, ನಡುಭಾಗ ಸರಿಯಿದ್ದರೆ ಸಹಿಸಬಹುದು. ಎರಡು ಪದರವನ್ನೂ ಒಟ್ಟಿಗೆ ಇಳಿಸಿದರೆ ಎದುರಿನ ವಾಹನದ ದೀಪ ಎರಡೆರಡಾಗಿ ಕಾಣುತ್ತದೆ. ಒಂದು ಬಾರಿಗೆ ಒಂದೇ ಪದರ.

ಕೆಡುವುದು ಹೇಗೆ? ಮೊದಲು ಸೋಲುವುದು ಫಲಕವಲ್ಲ, ವೈಸರಿನ ಕೀಲು. ಸಣ್ಣ ಕಾರುಗಳ ವೈಸರ್ ತೆಳುವಾದದ್ದು, ಅದರ ತುದಿಗೆ ತೂಕ ನೇತುಹಾಕಿದರೆ ಕೆಲವೇ ತಿಂಗಳಲ್ಲಿ ಕೀಲು ಸಡಿಲಾಗಿ, ಹಂಪು ಹಾರಿದಾಗಲೆಲ್ಲ ವೈಸರ್ ತಾನೇ ಕೆಳಗೆ ಬೀಳಲು ಶುರುವಾಗುತ್ತದೆ. ಕ್ಲಿಪ್ಪನ್ನು ಕೀಲಿಗೆ ಆದಷ್ಟು ಹತ್ತಿರ ಹಾಕಿದರೆ ಈ ಭಾರ ಕಡಿಮೆ. ಎರಡನೆಯದು ಕ್ಲಿಪ್ಪಿನ ರಬ್ಬರು: ನಿಂತ ಕಾರಿನ ಬಿಸಿಗೆ ಅದು ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಸಡಿಲ ಫಲಕ ಜೋರು ಬ್ರೇಕಿಗೆ ಕಳಚಿ ಮುಖಕ್ಕೋ ಪೆಡಲಿನ ಬುಡಕ್ಕೋ ಬೀಳಬಹುದು. ತಿಂಗಳಿಗೊಮ್ಮೆ ಎಳೆದು ನೋಡಿ. ಕತ್ತಲಾದ ಮೇಲೆ, ಅಂಡರ್‌ಪಾಸ್ ಬಂದಾಗ ಮಡಚಲೇಬೇಕು. ಮಡಚಲು ಎರಡು ಕೈ ಬೇಕಾಗುವ ಮಾದರಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಯಾರಿಗೆ ಬೇಕು ಇದು? ಕುಳ್ಳಗಿದ್ದು, ವೈಸರಿನ ಅಂಚು ಕಣ್ಣಿಗಿಂತ ತೀರಾ ಮೇಲೆ ಉಳಿಯುವವರಿಗೆ. ಅವರೂ ಕೊಳ್ಳುವ ಮೊದಲು ಸೀಟಿನ ಪಕ್ಕದ ಎತ್ತರದ ಲಿವರ್ ಇದೆಯೇ ನೋಡಲಿ. ಸೀಟು 3-4 ಸೆಂ.ಮೀ. ಏರಿಸಿದರೆ ಎಷ್ಟೋ ಜನಕ್ಕೆ ಫಲಕದ ಅಗತ್ಯವೇ ಬೀಳುವುದಿಲ್ಲ, ಖರ್ಚೂ ಇಲ್ಲ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಂತೆ ಉತ್ತರ-ದಕ್ಷಿಣ ಓಡುವ ರಸ್ತೆಯಲ್ಲಿ ಬಿಸಿಲು ಬರುವುದು ಪಕ್ಕದಿಂದ. ಅಲ್ಲಿ ವೈಸರನ್ನೇ ಕೊಕ್ಕೆಯಿಂದ ಬಿಡಿಸಿ ಬಾಗಿಲ ಕಡೆಗೆ ತಿರುಗಿಸಿದರೆ ಮುಗಿಯಿತು.

ಹಳದಿ ಪದರದ ಬಗ್ಗೆ ಒಂದೇ ಮಾತು: ಬೇಡ. ರಾತ್ರಿ ಕಣ್ಣಿಗೆ ಬರುವ ಬೆಳಕೇ ಕಡಿಮೆ, ಅದರಲ್ಲೂ ಇದು ಕಳೆಯುತ್ತದೆ. ಹೈಬೀಮಿನ ಉರಿ ತುಸು ಹಿತವೆನಿಸಿದರೂ ಕಪ್ಪು ಬಟ್ಟೆ ತೊಟ್ಟು ರಸ್ತೆ ದಾಟುವವನು ಅಷ್ಟೇ ತಡವಾಗಿ ಕಾಣುತ್ತಾನೆ. ‘ನೈಟ್ ಡ್ರೈವಿಂಗ್’ ಎಂದು ಮಾರುವ ಹಳದಿ ಕನ್ನಡಕಗಳದ್ದೂ ಇದೇ ಕಥೆ.

ಈಗ ಪೋಲರೈಸ್ಡ್ ಕೂಲಿಂಗ್ ಗ್ಲಾಸ್. ದುಡ್ಡು ಹಾಕುವುದಿದ್ದರೆ ಇದಕ್ಕೆ ಹಾಕಿ. ಆದರೆ ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿರಲಿ. ಒದ್ದೆ ಡಾಂಬರು, ಬಾನೆಟ್, ಮುಂದಿನ ಕಾರಿನ ಹಿಂಗಾಜು, ಡ್ಯಾಶ್‌ಬೋರ್ಡಿನ ಬಿಂಬ, ಇಂಥ ಮಲಗಿದ ಮೇಲ್ಮೈಗಳಿಂದ ಚಿಮ್ಮುವ ಬೆಳಕು ಬಹುಪಾಲು ಅಡ್ಡಡ್ಡವಾಗಿ ಕಂಪಿಸುತ್ತದೆ, ಪೋಲರೈಸ್ಡ್ ಲೆನ್ಸು ಅದನ್ನೇ ತಡೆಯುತ್ತದೆ. ಸೂರ್ಯನಿಂದ ನೇರ ಬರುವ ಬೆಳಕಿಗೆ ಹಾಗೊಂದು ದಿಕ್ಕಿಲ್ಲ, ಅದರ ಮುಂದೆ ಇದು ಬರೀ ಒಂದು ಕಪ್ಪು ಕನ್ನಡಕ. ಎದುರು ಸೂರ್ಯನಿಗೆ ವೈಸರ್, ಚಿಮ್ಮುವ ಬೆಳಕಿಗೆ ಕನ್ನಡಕ. ಎರಡೂ ಸೇರಿದರೇ ಆರಾಮ.

ಕೊಳ್ಳುವಾಗ ಕಪ್ಪು ಎಷ್ಟು ಎಂಬುದನ್ನು ಕೆಟಗರಿ ಸಂಖ್ಯೆಯಲ್ಲಿ ನೋಡಿ. 2 ಅಂದರೆ 18ರಿಂದ 43 ಶೇಕಡಾ ಬೆಳಕು ಬಿಡುತ್ತದೆ, 3 ಅಂದರೆ 8ರಿಂದ 18. ಬಯಲುಸೀಮೆಯ ಬಿಸಿಲಿಗೆ 3 ಸರಿ. ಶಿರಾಡಿ ಘಾಟಿಯಂತೆ ಮರದ ನೆರಳು-ಬಿಸಿಲು ಕ್ಷಣಕ್ಷಣಕ್ಕೂ ಬದಲಾಗುವ ಕಡೆ 2 ಉತ್ತಮ. ಕೆಟಗರಿ 4 ವಾಹನ ಓಡಿಸುವುದಕ್ಕಲ್ಲ. ಬಣ್ಣ ಬೂದಿಯಾದರೆ ಸಿಗ್ನಲ್ಲಿನ ಬಣ್ಣ ಇದ್ದಂತೆ ಕಾಣುತ್ತದೆ, ಕಂದು ಬಣ್ಣವಾದರೆ ಗುಂಡಿ-ಹಂಪುಗಳ ಅಂಚು ಎದ್ದು ಕಾಣುತ್ತದೆ. ನೀಲಿ, ಗುಲಾಬಿ ಎಲ್ಲ ಫೋಟೋಗೆ. ಯುವಿ 400 ಎಂದು ಬರೆದಿರಲಿ, ಅಂದರೆ ಅತಿನೇರಳೆ ಕಿರಣವನ್ನು ತಡೆಯುವಂಥದ್ದು. ಕಿವಿಗೆ ಸಿಕ್ಕಿಸುವ ಕಡ್ಡಿ ಅಗಲವಾಗಿದ್ದರೆ ಪಕ್ಕದಿಂದ ನುಗ್ಗುವ ಬೈಕು ಅದರ ಹಿಂದೆ ಮಾಯವಾಗುತ್ತದೆ, ಸಣ್ಣ ಕಡ್ಡಿಯದೇ ಆರಿಸಿ.

ಲೆನ್ಸು ಪೋಲರೈಸ್ಡ್ ಎಂದು ಸಾಬೀತು ಮಾಡಲು ಅಂಗಡಿಯವರು ತೋರಿಸುವ ಕಾರ್ಡನ್ನು ನಂಬಿ ಕೂರಬೇಡಿ. ಎಲ್‌ಸಿಡಿ ಪರದೆಯ ಮುಂದೆ, ಬಿಲ್ಲಿಂಗ್ ಕಂಪ್ಯೂಟರ್ ಆದರೂ ಆದೀತು, ಕನ್ನಡಕವನ್ನು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿ. ಎಲ್ಲೋ ಒಂದು ಕೋನದಲ್ಲಿ ಪರದೆ ಕಪ್ಪಾದರೆ ಅಸಲಿ. ಇದೇ ಗುಣ ಕಾರಿನಲ್ಲಿ ತೊಂದರೆಯನ್ನೂ ಕೊಡುತ್ತದೆ: ಸ್ಟ್ಯಾಂಡಿನಲ್ಲಿ ಅಡ್ಡ ಇಟ್ಟ ಮೊಬೈಲಿನ ಮ್ಯಾಪು ಕೆಲವೊಮ್ಮೆ ಮಾಯವಾಗುತ್ತದೆ, ನಿಲ್ಲಿಸಿಟ್ಟರೆ ಬರುತ್ತದೆ. ಗಟ್ಟಿ ಮಾಡಿದ ಪಕ್ಕದ ಗಾಜಿನಲ್ಲಿ ಚುಕ್ಕೆ-ಪಟ್ಟೆ ಕಂಡರೆ ಗಾಬರಿ ಬೇಡ, ಲೆನ್ಸಿನ ದೋಷವಲ್ಲ. ಮಳೆಗಾಲದಲ್ಲಿ ಮಾತ್ರ ಎಚ್ಚರ: ರಸ್ತೆಯ ಹೊಳಪನ್ನು ಇದು ಅಳಿಸುವುದರಿಂದ ನೀರು, ಎಣ್ಣೆ ಚೆಲ್ಲಿದ ಜಾಗ ಒಣಗಿದಂತೆ ಕಾಣಬಹುದು. ಬೈಕಿನವರಿಗೆ ಇದು ಇನ್ನೂ ಮುಖ್ಯ.

ನಂಬರ್ ಕನ್ನಡಕದವರು ಬಿಸಿಲಿಗೆ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸನ್ನು ಡ್ರೈವಿಂಗಿಗೆಂದು ಕೊಳ್ಳಬೇಡಿ. ಅದು ಕಪ್ಪಾಗುವುದು ಅತಿನೇರಳೆ ಕಿರಣಕ್ಕೆ, ಅದನ್ನು ಮುಂದಿನ ಗಾಜು ಆಗಲೇ ತಡೆದಿರುತ್ತದೆ. ಕನ್ನಡಕದ ಮೇಲೆ ಸಿಕ್ಕಿಸಿ ಮೇಲಕ್ಕೆತ್ತಬಹುದಾದ ಪೋಲರೈಸ್ಡ್ ಕ್ಲಿಪ್ ಅಗ್ಗ, ಒಳ್ಳೆಯದು.

ಗಾಜಿಗೆ ಫಿಲ್ಮ್, ಅಂದರೆ ಬೆಳಕು ತಗ್ಗಿಸುವ ತೆಳು ಹಾಳೆ, ಹಾಕಿಸುವ ಯೋಚನೆ ಇದ್ದರೆ ಕಾನೂನು ಮೊದಲು. ಮುಂದಿನ-ಹಿಂದಿನ ಗಾಜು ಕನಿಷ್ಠ 70 ಶೇಕಡಾ, ಪಕ್ಕದವು 50 ಶೇಕಡಾ ಬೆಳಕು ಬಿಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಮೇಲೆ ಕಪ್ಪು ಫಿಲ್ಮನ್ನಾಗಲಿ ಬೇರೆ ವಸ್ತುವನ್ನಾಗಲಿ ಅಂಟಿಸುವುದನ್ನೇ ನಿಷೇಧಿಸಿತು. ಆಮೇಲೆ ನಿಯಮ ತಿದ್ದುಪಡಿಯಾಗಿ, 2024ರಲ್ಲಿ ಕೇರಳ ಹೈಕೋರ್ಟು ಈ ಮಿತಿಯೊಳಗಿನ ಫಿಲ್ಮಿಗೆ ಅವಕಾಶವಿದೆ ಎಂದಿತು. ಆ ತೀರ್ಪಿನ ಪ್ರತಿ ಹಿಡಿದು ನಮ್ಮೂರಿನ ಸರ್ಕಲ್ಲಿನಲ್ಲಿ ವಾದ ಗೆಲ್ಲುತ್ತೇನೆ ಎಂಬ ಧೈರ್ಯ ಇದ್ದವರು ಮುಂದುವರಿಯಬಹುದು. ಅದಿರಲಿ, ಇಳಿಬಿಸಿಲಿಗಂತೂ ಇದರಿಂದ ಲಾಭವಿಲ್ಲ. ಮುಂದಿನ ಗಾಜು 78 ಶೇಕಡಾ ಬಿಡುತ್ತದೆ ಎಂದಿಟ್ಟುಕೊಂಡರೂ ಅದರ ಮೇಲೆ 85 ಶೇಕಡಾ ಬಿಡುವ ಫಿಲ್ಮ್ ಬಂದರೆ ಉಳಿಯುವುದು 66. 70ರ ಮಿತಿಗಿಂತ ಕೆಳಗಿಳಿಯಿತು, ಸೂರ್ಯ ಮಾತ್ರ ಹಾಗೇ ಕಣ್ಣು ಕುಕ್ಕುತ್ತಿರುತ್ತಾನೆ. ಪಕ್ಕದ ಗಾಜಿನಿಂದ ಬರುವ ಸೆಕೆ ತಗ್ಗಿಸಲು ಫಿಲ್ಮ್ ಬೇಕೆಂದರೆ ಅದು ಬೇರೆ ಮಾತು.

ಇಷ್ಟಾದರೂ ಇಡೀ ಗಾಜು ಬೆಳ್ಳಗೆ ಮಂಜು ಕವಿದಂತಾಗುತ್ತಿದ್ದರೆ ತಪ್ಪು ಸೂರ್ಯನದಲ್ಲ, ಗಾಜಿನದು. ಬಿಸಿಯಾದ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನಿಂದ ಏಳುವ ಆವಿ ಗಾಜಿನ ಒಳಮೈಗೆ ಎಣ್ಣೆಪೊರೆಯಂತೆ ಕೂರುತ್ತದೆ. ಹೊಸ ಕಾರಿನಲ್ಲಿ ಇದು ಹೆಚ್ಚು. ಹೊರಗೆ ಎಷ್ಟು ತೊಳೆದರೂ ಹೋಗದು. ನೆರಳಿನಲ್ಲಿ ಗಾಡಿ ನಿಲ್ಲಿಸಿ, ಐಸೋಪ್ರೊಪಿಲ್ ಆಲ್ಕೋಹಾಲಿಗೆ ಅಷ್ಟೇ ಆರ್‌ಒ ನೀರು ಬೆರೆಸಿ, ಗಾಜಿಗಲ್ಲ ಮೈಕ್ರೋಫೈಬರ್ ಬಟ್ಟೆಗೆ ಸಿಂಪಡಿಸಿ ಒರೆಸಿ, ಇನ್ನೊಂದು ಒಣಬಟ್ಟೆಯಿಂದ ಕೂಡಲೇ ತೆಗೆಯಿರಿ. ಒಳಗೆ ಅಡ್ಡಡ್ಡ, ಹೊರಗೆ ಉದ್ದುದ್ದ ಒರೆಸಿದರೆ ಉಳಿದ ಗೆರೆ ಯಾವ ಕಡೆಯದೆಂದು ಗೊತ್ತಾಗುತ್ತದೆ. ಮೊದಲ ಸಲ ಬಟ್ಟೆ ಬೂದಿಬಣ್ಣಕ್ಕೆ ತಿರುಗಿದರೆ ಎರಡು ಸುತ್ತು ಮಾಡಿ.

ಹೊರಮೈಯ ಶತ್ರು ಬೋರ್‌ವೆಲ್ ನೀರು. ವಾಷರ್ ಟ್ಯಾಂಕಿಗೆ ಅದನ್ನೇ ಸುರಿದರೆ ಒಣಗಿದ ಮೇಲೆ ಉಪ್ಪಿನ ಚುಕ್ಕೆ ಉಳಿಯುತ್ತದೆ, ಓರೆಬಿಸಿಲಿಗೆ ಒಂದೊಂದು ಚುಕ್ಕೆಯೂ ಮಿಂಚುತ್ತದೆ. ಟ್ಯಾಂಕಿಗೂ ಆರ್‌ಒ ನೀರೇ ಹಾಕಿ, ಬಟ್ಟೆ ಸೋಪಿನ ಪುಡಿ ಬೇಡ. ಧೂಳಿನ ಮೇಲೆ ಒಣ ವೈಪರ್ ಓಡಿಸಿದ ಗಾಜಿನಲ್ಲಿ ಕಮಾನಿನಂಥ ಗೀರು ಬಿದ್ದಿರುತ್ತದೆ. ಉಗುರಿಗೆ ತಗಲುವಷ್ಟು ಆಳವಿದ್ದರೆ ಯಾವ ಪಾಲಿಷೂ ಅದನ್ನು ತೆಗೆಯದು, ಗಾಜು ಬದಲಿಸುವುದೇ. ವೈಪರಿನ ರಬ್ಬರನ್ನು ವರ್ಷಕ್ಕೊಮ್ಮೆ ಬದಲಿಸುವುದು ಅದಕ್ಕಿಂತ ಎಷ್ಟೋ ಅಗ್ಗ.

ಕೊನೆಗೆ ಡ್ಯಾಶ್‌ಬೋರ್ಡ್. ಸರ್ವಿಸಿಗೆ ಕೊಟ್ಟಾಗ ಫಳಫಳ ಹೊಳೆಯುವ ಪಾಲಿಷ್ ಹಚ್ಚಿ ಕೊಡುತ್ತಾರೆ, ಅದನ್ನು ಬೇಡವೆಂದು ಮೊದಲೇ ಹೇಳಿ. ಬಿಳಿ ಟಿಶ್ಯೂ ಡಬ್ಬಿ, ಟೋಲ್ ರಸೀದಿಗಳು ಗಾಜಿನಲ್ಲಿ ರಸ್ತೆಯ ಮೇಲೇ ತೇಲಿದಂತೆ ಕಾಣುತ್ತವೆ, ಅವುಗಳ ಜಾಗ ಗ್ಲೋವ್ ಬಾಕ್ಸ್. ಗಣಪತಿಯನ್ನು ತೆಗೆಯಬೇಕಿಲ್ಲ. ಅವನ ಕೆಳಗಿನ ಮಿರುಗುವ ಪೀಠಕ್ಕೆ ಒಂದು ಕಪ್ಪು ಬಟ್ಟೆ ಹಾಸಿದರೆ ಸಾಕು.