ಬೋರ್ ಹೊಡೆಸುವ ಮೊದಲು ಸೀಲ್ ನೋಡಿ: ಆರ್‌ಎಕ್ಸ್ 100 ಕಟ್ಟುವವರಿಗೊಂದು ಎಚ್ಚರಿಕೆ

ಹಳೇ ಟೂ ಸ್ಟ್ರೋಕ್ ಗಾಡಿಯ ಪಿಸ್ಟನ್ ಹಿಡಿದುಕೊಂಡರೆ (ಸೀಜ್ ಆದರೆ) ಬ್ಲಾಕ್, ಅಂದರೆ ಸಿಲಿಂಡರನ್ನು, ಬಗಲಲ್ಲಿಟ್ಟುಕೊಂಡು ಬೋರ್ ಹೊಡೆಸಲು, ಅಂದರೆ ಅದರ ಒಳಮೈ ಕೊರೆಸಿ ಅಗಲ ಮಾಡಿಸಲು, ಲೇತ್ ಅಂಗಡಿಗೆ ಓಡಬೇಡಿ. ಬಳ್ಳಾರಿಯಲ್ಲಿ ಮನೆ ಪಡಸಾಲೆಯಲ್ಲೇ ಬಿಚ್ಚಿ ಕಟ್ಟಿದ ಒಂದು ಯಮಹಾ ಆರ್‌ಎಕ್ಸ್ 100 ಹೀಗೆ ಎರಡು ಸಲ ಹಿಡಿದುಕೊಂಡಿತು. ಮೊದಲ ಸಲ ಹೊಸಪೇಟೆ ರಸ್ತೆಯಲ್ಲಿ, ಕುಡತಿನಿ ಹತ್ತಿರ. ಎಂಜಿನ್ ಕಟ್ಟಿ ಬರೀ 38 ಕಿ.ಮೀ. ಆಗಿತ್ತು. ಎರಡನೇ ಸಲ ಅದೇ ರಸ್ತೆಯಲ್ಲಿ ತೋರಣಗಲ್ಲಿನ ಬಳಿ. ನಡುವೆ ಒಂದು ಪಿಸ್ಟನ್ ಹೋಯಿತು, ಬ್ಲಾಕ್‌ನ ಅರ್ಧ ಮಿ.ಮೀ. ಆಯುಷ್ಯವೂ ಹೋಯಿತು. ತಪ್ಪು ಮಾತ್ರ ಬೋರಿನಲ್ಲಿ ಇರಲೇ ಇಲ್ಲ. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಹಿಂದೆ, ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂತಿದ್ದ ಕ್ರ್ಯಾಂಕ್ ಸೀಲ್, ಒಂದು ಊಟದ ದುಡ್ಡಿಗೆ ಬರುವ ರಬ್ಬರ್ ಉಂಗುರ, ಕಲ್ಲಾಗಿತ್ತು.

ಈ ಗಾಡಿಯ ತಯಾರಿಕೆ ನಿಂತಿದ್ದು 1996ರಲ್ಲಿ. ಎಷ್ಟೇ ಚೆನ್ನಾಗಿ ಇಟ್ಟುಕೊಂಡಿದ್ದರೂ ಒಳಗಿರುವುದು ಕಂಪನಿ ಸೀಲೇ ಆಗಿದ್ದರೆ ಅದಕ್ಕೆ ಮೂವತ್ತು ವರ್ಷ ಆಗುತ್ತ ಬಂತು. "ಸೌಂಡ್ ಏನೂ ಇಲ್ರೀ, ಸುಮ್ನೆ ಯಾಕ ಕ್ರ್ಯಾಂಕ್ ಬಿಚ್ತೀರಿ" ಎಂಬ ಮಾತು ಎಲ್ಲ ಊರಿನ ಗ್ಯಾರೇಜಿನಲ್ಲೂ ಕೇಳುತ್ತೀರಿ. ಸೌಂಡ್ ಬರುವುದು ಬೇರಿಂಗಿಗೆ. ಸೀಲಿಗೆ ಸೌಂಡ್ ಇಲ್ಲ.

ಫೋರ್ ಸ್ಟ್ರೋಕ್‌ನಲ್ಲಿ ಸೀಲ್ ಹೋದರೆ ಆಯಿಲ್ ಸೋರಿ ನೆಲದ ಮೇಲೆ ಕಲೆ ಬೀಳುತ್ತದೆ, ಅಷ್ಟೇ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ (ಕ್ರ್ಯಾಂಕ್ ತಿರುಗುವ ಕೆಳಗಿನ ಪೆಟ್ಟಿಗೆ) ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತ ಆಗಿ ಕಾರ್ಬೊರೇಟರಿನಿಂದ ಪೆಟ್ರೋಲ್, ಗಾಳಿ, 2ಟಿ ಆಯಿಲ್ (ಪೆಟ್ರೋಲ್ ಜೊತೆ ಬೆರೆತು ಉರಿಯುವ ಎಂಜಿನ್ ಆಯಿಲ್) ಮೂರನ್ನೂ ಎಳೆದುಕೊಳ್ಳುತ್ತದೆ. ಸೀಲಿನ ತುಟಿ ಗಟ್ಟಿಯಾಗಿ ಶಾಫ್ಟಿಗೆ ಒತ್ತಿ ಕೂರದಿದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಆ ಗಾಳಿಯ ಜೊತೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಮಿಕ್ಸ್ಚರ್ ಲೀನ್ ಆಗುತ್ತದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಉರಿಯ ಬಿಸಿ ಏರುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಬೀಡಿನ (ಎರಕದ ಕಬ್ಬಿಣದ) ಸ್ಲೀವಿಗಿಂತ, ಅಂದರೆ ಸಿಲಿಂಡರಿನ ಒಳಕೊಳವೆಗಿಂತ, ಬೇಗ ಹಿಗ್ಗುತ್ತದೆ. ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಕಡೆ ಮೊದಲೇ ಬಿಸಿ ಜಾಸ್ತಿ, ಅಲ್ಲೇ ಹಿಡಿಯುತ್ತದೆ.

ಇದು ಎಡಬದಿಯ, ಅಂದರೆ ಮ್ಯಾಗ್ನೆಟ್ ಕಡೆಯ ಸೀಲಿನ ಮಾತು. ಬಲಬದಿಯ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಲಕ್ಷಣ ಬೇರೆ: ಕ್ರ್ಯಾಂಕ್‌ಕೇಸ್ ಗೇರ್ ಆಯಿಲನ್ನೇ ಕುಡಿಯುತ್ತದೆ, ದಟ್ಟ ಬಿಳಿ ಹೊಗೆ, ಪ್ಲಗ್ ಪದೇಪದೇ ಒದ್ದೆ, ಗೇರ್ ಆಯಿಲ್ ಲೆವೆಲ್ ಇಳಿಯುತ್ತದೆ. ಅದು ಕಣ್ಣಿಗೆ ಕಾಣುವ ರೋಗ, ಹಾಗಾಗಿ ಯಾರೂ ಮೋಸ ಹೋಗುವುದಿಲ್ಲ.

ಎಡಬದಿಯದೂ ಮುನ್ಸೂಚನೆ ಕೊಡದೆ ಇರಲಿಲ್ಲ. ಮ್ಯಾಗ್ನೆಟ್ ಕವರ್ ತೆಗೆದಾಗ ಪಾಯಿಂಟ್ (ಕಿಡಿ ಹೊತ್ತಿಸುವ ಸ್ವಿಚ್) ಮೇಲೆ, ಕಾಯಿಲ್ ಪ್ಲೇಟಿನ ಕೆಳಅಂಚಿನಲ್ಲಿ ಕಾಡಿಗೆಯಂಥ ಕಪ್ಪು ಜಿಡ್ಡು ಇತ್ತು. ಬೆರಳಿಗೆ ಹತ್ತಿಸಿ ಮೂಸಿದರೆ 2ಟಿ ಆಯಿಲ್ ವಾಸನೆ. ಪಿಸ್ಟನ್ ಕೆಳಗೆ ಬರುವಾಗ ಒತ್ತಡ ಸೀಲನ್ನು ದಾಟಿ ಹೊರಗೆ ಉಗುಳಿದ ಗುರುತು ಅದು. ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಪಾಯಿಂಟ್ ಗ್ಯಾಪ್ 0.35 ಮಿ.ಮೀ. ಇಟ್ಟು, ಕವರ್ ಮುಚ್ಚಿಬಿಟ್ಟದ್ದು ಮೊದಲ ತಪ್ಪು. ಮ್ಯಾಗ್ನೆಟ್ ಕೋಣೆ ಒಣಗಿರಬೇಕು. ಅಲ್ಲಿ ಆಯಿಲ್ ಪಸೆ ಕಂಡರೆ ಮುಂದಿನ ಕೆಲಸ ನಿಲ್ಲಿಸಿ.

ಗಾಡಿ ಸ್ಟಾರ್ಟ್ ಆದ ಮೇಲಿನ ಲಕ್ಷಣ ಇನ್ನೂ ಸ್ಪಷ್ಟ. ಆಕ್ಸಿಲೇಟರ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳಿಯುವುದಿಲ್ಲ, ಮೇಲೆಯೇ ತೂಗಾಡಿ ನಿಧಾನಕ್ಕೆ ಬರುತ್ತದೆ. ಕಾರ್ಬೊರೇಟರಿನ ಏರ್ ಸ್ಕ್ರೂ ಎತ್ತ ತಿರುಗಿಸಿದರೂ ಹೆಚ್ಚು ಬದಲಾಗುವುದಿಲ್ಲ. ಒಂದು ದಿನ ಸೆಟ್ ಆದ ಸ್ಲೋ (ನಿಂತಲ್ಲಿ ಓಡುವ ವೇಗ) ಮರುದಿನ ಇರುವುದಿಲ್ಲ. ಇಲ್ಲಿ ಬಹಳ ಮಂದಿ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ದೊಡ್ಡದು ಹಾಕಿ ಮುಚ್ಚಿಹಾಕುತ್ತಾರೆ. ಸೋರಿಕೆ ಇರುವ ಎಂಜಿನ್ನಿಗೆ ಜೆಟ್ ಬದಲಾಯಿಸುವುದು ತೂತು ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಮೊದಲ ಸಲ ಹಿಡಿದಾಗ ಪಿಸ್ಟನ್ ಹೊರತೆಗೆದರೆ ಉತ್ತರ ಅದರ ಮೈಮೇಲೇ ಬರೆದಿತ್ತು. ಓದಲು ಬರಬೇಕು ಅಷ್ಟೇ. ಬೋರ್ ಟೈಟ್ ಆಗಿದ್ದರೆ, ಅಥವಾ ತಣ್ಣನೆಯ ಎಂಜಿನ್ನನ್ನು ಎಳೆದಿದ್ದರೆ, ಪಿಸ್ಟನ್ನಿನ ಸುತ್ತ ನಾಲ್ಕು ಕಡೆ, ನಾಲ್ಕು ಮೂಲೆಯಂತೆ ಉಜ್ಜಿದ ಗುರುತು ಬೀಳುತ್ತದೆ. ಧೂಳು ಒಳಗೆ ಹೋಗಿದ್ದರೆ ಕಾರ್ಬೊರೇಟರ್ ಕಡೆಯ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಮಂಕಾಗಿ ಸವೆದಿರುತ್ತದೆ, ಗೀರು ಸಣ್ಣಸಣ್ಣವು. ಗಾಳಿ ಸೋರಿ ಲೀನ್ ಆಗಿದ್ದರೆ ಎಕ್ಸಾಸ್ಟ್ ಕಡೆ ಒಂದೇ ಜಾಗದಲ್ಲಿ ಆಳವಾಗಿ ಉದ್ದಕ್ಕೆ ಗೀರುತ್ತದೆ, ಪ್ಲಗ್ ಸುಣ್ಣ ಬಳಿದಂತೆ ಬೆಳ್ಳಗೆ ಇರುತ್ತದೆ. ಈ ಪಿಸ್ಟನ್ನಿನಲ್ಲಿ ಇದ್ದದ್ದು ಮೂರನೆಯದು. ಆದರೂ "ಬೋರ್ ಟೈಟ್ ಆಗ್ಯಾದ" ಎಂದು ತೀರ್ಮಾನವಾಯಿತು, ಬ್ಲಾಕ್ ಲೇತಿಗೆ ಹೋಯಿತು.

ಇಲ್ಲಿಯೇ ನಿಜವಾದ ನಷ್ಟ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಸಿಗುವುದು 0.25, 0.50, 0.75, 1.00 ಮಿ.ಮೀ. ಹೆಚ್ಚಿನದು. ನಾಲ್ಕೇ ಮೆಟ್ಟಿಲು. ಈ ಬ್ಲಾಕ್ 0.50ರಲ್ಲಿತ್ತು. 0.75 ಪಿಸ್ಟನ್ ಆ ಹೊತ್ತಿಗೆ ಅಂಗಡಿಯಲ್ಲಿ ಇರಲಿಲ್ಲ ಎಂದು ನೇರ 1.00ಕ್ಕೆ ಹೊಡೆಸಲಾಯಿತು. ಇದ್ದ ಎರಡು ಮೆಟ್ಟಿಲು ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಮುಂದೆ ಉಳಿಯುವುದು ಹೊಸ ಸ್ಲೀವ್. ಅದಕ್ಕೆ ಪೋರ್ಟಿನ ಕಿಂಡಿಗಳನ್ನು ಮೊದಲಿದ್ದ ಎತ್ತರ, ಅಗಲಕ್ಕೇ ಕತ್ತರಿಸಿ ಕೂಡಿಸುವ ಕೈ ಎಲ್ಲ ಲೇತಿನಲ್ಲೂ ಇರುವುದಿಲ್ಲ. ಒಂದು ಮಿ.ಮೀ. ಆಚೀಚೆ ಆದರೂ ಗಾಡಿಯ ಸ್ವಭಾವವೇ ಬದಲಾಗುತ್ತದೆ.

ಅಸಲಿಗೆ ಮೊದಲ ಸಲ ಬೋರ್ ಹೊಡೆಸುವ ಅಗತ್ಯವೇ ಇತ್ತೋ ಇಲ್ಲವೋ ಎಂಬುದನ್ನು ಯಾರೂ ಅಳೆಯಲಿಲ್ಲ. ಹಿಡಿದುಕೊಂಡ ಬೋರಿನಲ್ಲಿ ಬೆಳ್ಳಗೆ ಅಂಟಿರುವುದು ಬಹುಪಾಲು ಪಿಸ್ಟನ್ನಿನ ಅಲ್ಯೂಮಿನಿಯಂ. ಅದನ್ನು ಕಾಸ್ಟಿಕ್ ಸೋಡಾ ನೀರು ಕರಗಿಸುತ್ತದೆ, ಬೀಡನ್ನು ಮುಟ್ಟುವುದಿಲ್ಲ. ಕಿವಿ ಕಡ್ಡಿಯ ಹತ್ತಿಗೆ ಅದ್ದಿ ಅಂಟಿದ ಜಾಗಕ್ಕೆ ಮಾತ್ರ ಹಚ್ಚಿ, ನೊರೆ ಏಳುವುದು ನಿಂತ ಮೇಲೆ ನೀರಿನಿಂದ ತೊಳೆದು, ಮತ್ತೆ ಹಚ್ಚಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇಬೇಕು. ಬ್ಲಾಕ್‌ನ ಹೊರಮೈ, ಫಿನ್ನು ಎಲ್ಲ ಅಲ್ಯೂಮಿನಿಯಂ, ಒಂದು ಹನಿ ಅಲ್ಲಿ ಬಿದ್ದರೂ ತಿನ್ನುತ್ತದೆ. ಆಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ಸಿಕ್ಕುವ ಗೀರು ಇಲ್ಲದಿದ್ದರೆ, ಡಯಲ್ ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಅಳತೆ ಸರಿ ಬಂದರೆ, ಹಗುರವಾಗಿ ಹೋನಿಂಗ್ (ಕಲ್ಲಿನಿಂದ ಒಳಮೈ ಉಜ್ಜುವುದು) ಮಾಡಿಸಿ ಅದೇ ಸೈಜಿನ ಹೊಸ ಪಿಸ್ಟನ್ ಹಾಕಬಹುದು. ಎರಡನೇ ಸಲ ಹಿಡಿದಾಗ ಓಡಿಸುತ್ತಿದ್ದವರು ತಕ್ಷಣ ಕ್ಲಚ್ ಎಳೆದಿದ್ದರಿಂದ ಈ ಬ್ಲಾಕ್ ಹೀಗೇ ಉಳಿಯಿತು.

ಸೋರಿಕೆ ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಕೈಯಲ್ಲಿ ಹಿಸುಕುವ ಹಳೇ ಬಿಪಿ ಮಷೀನ್ ಸಾಕು. ಅದರ ಮುಳ್ಳು 300ರ ತನಕ ಇರುತ್ತದೆ. 300 ಎಂದರೆ ಸುಮಾರು 5.8 ಪಿಎಸ್‌ಐ, ಕ್ರ್ಯಾಂಕ್‌ಕೇಸ್ ಪರೀಕ್ಷೆಗೆ ಬೇಕಾದಷ್ಟೇ. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಗೆ ಲಾರಿ ಟ್ಯೂಬಿನ ತುಂಡು ಇಟ್ಟು, ಮೇಲೊಂದು ತಗಡಿನ ಪಟ್ಟಿ ಕೊಟ್ಟು ಅದೇ ನಟ್ಟಿನಿಂದ ಬಿಗಿಯಿರಿ. ಕಾರ್ಬೊರೇಟರ್ ತೆಗೆದು ಅದರ ರಬ್ಬರ್ ಜಾಯಿಂಟಿಗೆ ಬಿಗಿಯಾಗಿ ಕೂರುವ ಬಿರಡೆ, ಅದರ ನಡುವೆ ಬಿಪಿ ಮಷೀನಿನ ನಳಿಕೆ. ಗಾಳಿಯನ್ನು ಈ ಕಡೆಯಿಂದಲೇ ಕೊಡಬೇಕು. ಎಕ್ಸಾಸ್ಟ್ ಕಡೆಯಿಂದ ಕೊಟ್ಟರೆ ರೀಡ್ ವಾಲ್ವ್ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ತೆಳು ಬಾಗಿಲು) ಮುಚ್ಚಿಕೊಂಡು ಜಾಯಿಂಟಿನ ಸೋರಿಕೆ ಪರೀಕ್ಷೆಗೆ ಸಿಗುವುದೇ ಇಲ್ಲ. ಆಯಿಲ್ ಪಂಪಿನಿಂದ ಬರುವ ಸಣ್ಣ ನಳಿಕೆಯನ್ನೂ ಮುಚ್ಚಿ. ಪ್ಲಗ್ ಹಾಕಿರಲಿ, ಪಿಸ್ಟನ್ ಪೂರ್ತಿ ಕೆಳಗಿರಲಿ, ಮ್ಯಾಗ್ನೆಟ್ ಮತ್ತು ಕಾಯಿಲ್ ಪ್ಲೇಟ್ ತೆಗೆದಿರಲಿ. ಮ್ಯಾಗ್ನೆಟ್ ಬಿಚ್ಚಲು ಪುಲ್ಲರ್ ಬಳಸಿ, ಸುತ್ತಿಗೆ ಬೇಡ. ಶಾಫ್ಟ್ ತುದಿಗೆ ಒಂದು ಏಟು ಬಿದ್ದರೆ ಕ್ರ್ಯಾಂಕ್ ಓರೆಯಾಗುತ್ತದೆ.

300ಕ್ಕೆ ಏರಿಸಿ ಆರು ನಿಮಿಷ ಬಿಡಿ. ನಿಮಿಷಕ್ಕೆ ಐದಾರು ಗೆರೆ ಇಳಿದರೂ ಹುಡುಕಿ. ಸೋಪಿನ ನೊರೆಯನ್ನು ಬ್ರಷ್ಷಿನಲ್ಲಿ ಎಡ ಸೀಲ್, ಬ್ಲಾಕ್ ಕೆಳಗಿನ ಪ್ಯಾಕಿಂಗ್, ಹೆಡ್, ರೀಡ್ ಬ್ಲಾಕ್, ಕ್ರ್ಯಾಂಕ್‌ಕೇಸ್ ಸೇರುವ ಗೆರೆ, ಎಲ್ಲದಕ್ಕೂ ಹಚ್ಚಿ. ಬಲ ಸೀಲ್ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ನೊರೆಯ ಪರದೆ ಎಳೆದರೆ ಅದು ಉಬ್ಬುತ್ತದೆಯೇ ಎಂದು ನೋಡಿ. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಮಾತ್ರ ತಂದು ಹಚ್ಚಬೇಡಿ, ಚೆನ್ನಾಗಿದ್ದ ಸೀಲೂ ಕಿತ್ತು ಬರುತ್ತದೆ. ಈ ಎಂಜಿನ್ನಿನಲ್ಲಿ ಎಷ್ಟು ಹಿಸುಕಿದರೂ ಮುಳ್ಳು 120 ದಾಟಲಿಲ್ಲ. ಎಡ ಸೀಲಿನ ಸುತ್ತ ನೊರೆ, ಹಾಲು ಉಕ್ಕಿದ ಹಾಗೆ ಎದ್ದಿತು.

ಸೀಲ್ ಹಾಕುವುದಾದರೆ ಎರಡೂ ಬದಿ ಹಾಕಿ, ಬೇರಿಂಗೂ ಹೊಸದಿರಲಿ. ಶಾಫ್ಟ್ ಮೇಲೆಕೆಳಗೆ ಅಲ್ಲಾಡುತ್ತಿದ್ದರೆ ಹೊಸ ಸೀಲಿನ ತುಟಿ ಕೆಲವೇ ದಿನದಲ್ಲಿ ಹೋಗುತ್ತದೆ. ಸೀಲಿನ ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್‌ಕೇಸ್ ಒಳಗೆ ಬರಬೇಕು, ತುಟಿಗೆ ಗ್ರೀಸ್ ಹಚ್ಚದೆ ತೂರಿಸಬಾರದು. ಹಳೇ ತುಟಿ ಶಾಫ್ಟಿನ ಮೇಲೆ ತೋಡು ಕೊರೆದಿದ್ದರೆ ಹೊಸದನ್ನು ಅರ್ಧ ಮಿ.ಮೀ. ಈಚೆಗೆ ಕೂರಿಸಿ. ಕ್ರ್ಯಾಂಕ್‌ಕೇಸ್ ಬಿಚ್ಚುವಾಗ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಆ ಮೈಗೆ ಗಾಯವಾದರೆ ಮತ್ತೆ ಸೋರಿಕೆ. ಬೇರೆ ಕ್ರ್ಯಾಂಕ್‌ಕೇಸ್ ಹಾಕೋಣವೆಂದರೆ ಎಂಜಿನ್ ನಂಬರ್ ಇರುವುದೇ ಅದರ ಮೇಲೆ, ಆರ್‌ಸಿಗೆ ತಾಳೆಯಾಗದೆ ಆರ್‌ಟಿಒ ಮೆಟ್ಟಿಲು ಹತ್ತಬೇಕು.

ಬೋರ್ ಹೊಡೆಸಲೇಬೇಕಾಗಿ ಬಂದರೆ ಪಿಸ್ಟನ್ ಮೊದಲು ಕೊಡಿ, ಬೋರ್ ಆಮೇಲೆ. ಒಂದೇ ಸೈಜ್ ಬರೆದ ಎರಡು ಪಿಸ್ಟನ್ ಅಳತೆಯಲ್ಲಿ ಒಂದೇ ಇರುವುದಿಲ್ಲ. ಪಿಸ್ಟನ್, ಬೋರಿನ ನಡುವಿನ ಗ್ಯಾಪ್ 0.04 ಮಿ.ಮೀ. ಆಸುಪಾಸು ಇರಲಿ, ಲೇತಿನವರ ಲೆಕ್ಕದಲ್ಲಿ ಒಂದೂವರೆ ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ). ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದಲೇ ದೂಡಿ 20 ಮಿ.ಮೀ. ಒಳಗೆ ತಳ್ಳಿ ಫೀಲರ್ ಗೇಜ್ ಹಾಕಿದರೆ ಬಾಯಿ 0.15ರಿಂದ 0.35 ಮಿ.ಮೀ. ಒಳಗೆ ಬರಬೇಕು. ಪೋರ್ಟಿನ ಅಂಚನ್ನು ಅರ್ಧ ಮಿ.ಮೀ. ಇಳಿಜಾರಾಗಿ ಉಜ್ಜಿದ್ದಾರೆಯೇ ಎಂದು ಬೆರಳಿಟ್ಟು ನೋಡಿ. ಬ್ಲೇಡಿನಂತೆ ಚುರುಕಿದ್ದರೆ ರಿಂಗ್ ಸಿಕ್ಕಿ ತುಂಡಾಗುತ್ತದೆ. ಬಂದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಸಾಲದು, ಬಿಸಿನೀರು, ಸೋಪು ಹಾಕಿ ಬಿಳಿ ಬಟ್ಟೆ ಬೂದಿ ಬಣ್ಣ ಆಗದಿರುವ ತನಕ ಉಜ್ಜಿ.

ನಮ್ಮ ಕಡೆಯ ಧೂಳು ಬೇರೆ ಇದೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು, ಕೊಪ್ಪಳದ ಗಿಣಿಗೇರಿ ಸುತ್ತ ಕಾರ್ಖಾನೆಯ ಕರಿ, ಗಂಗಾವತಿ, ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿನ ಹೊಟ್ಟು. ಸೌಂಡ್ ಬರಲಿ ಎಂದು ಏರ್ ಫಿಲ್ಟರ್ ಕಿತ್ತೆಸೆಯುವವರು ಎರಡು ನಷ್ಟ ಕೊಳ್ಳುತ್ತಾರೆ: ಧೂಳು ರಿಂಗನ್ನು ಅರೆಯುತ್ತದೆ, ಗಾಳಿ ಜಾಸ್ತಿಯಾಗಿ ಮಿಕ್ಸ್ಚರ್ ಲೀನ್ ಆಗುತ್ತದೆ.

ಈಗಿನ ಪೆಟ್ರೋಲಿನ ಮಾತನ್ನೂ ಸೇರಿಸಿಕೊಳ್ಳಿ. ಬಂಕಿನಲ್ಲಿ ಬರುವುದು ಇ20, ಶೇ. 20 ಎಥನಾಲ್. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಅದೇ ಜೆಟ್ಟಿನಲ್ಲಿ, ಅದೇ ಗಾಳಿಯಲ್ಲಿ ಇ20 ಹಾಕಿದರೆ ಶೇ. 7–8ರಷ್ಟು ಲೀನ್ ಆದಂತೆ. ಸೋರುವ ಸೀಲಿನ ಜೊತೆ ಇದೂ ಸೇರಿತು. ಸೀಲ್ ಗಟ್ಟಿ ಮಾಡಿದ ಮೇಲೆ ಮೇನ್ ಜೆಟ್ ಒಂದು ಸೈಜ್ ಏರಿಸಿ ಪ್ಲಗ್ಗಿನ ಬಣ್ಣ ನೋಡಬಹುದು, ಚಹಾದ ಕಂದು ಬರಬೇಕು. ರನ್ನಿಂಗ್ ಇನ್ (ಹೊಸದಾಗಿ ಕಟ್ಟಿದ ಎಂಜಿನ್ ಪಳಗಿಸುವುದು) ಎಂದು ಲೀಟರಿಗೆ 60–70 ಮಿ.ಲೀ. 2ಟಿ ಸುರಿಯುವವರೂ ಇದ್ದಾರೆ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಬರುವ ಪೆಟ್ರೋಲ್ ಕಡಿಮೆಯಾಗುತ್ತದೆ, ಅಂದರೆ ಮತ್ತೆ ಲೀನ್. ಪಂಪ್ ತೆಗೆದ ಗಾಡಿಗೆ ಮೊದಲ ಟ್ಯಾಂಕಿನಲ್ಲಿ ಲೀಟರಿಗೆ 40 ಮಿ.ಲೀ. ಸಾಕು. ಪಂಪ್ ಇದ್ದರೆ 20 ಮಿ.ಲೀ., ಜೊತೆಗೆ ನಳಿಕೆಯ ಗಾಳಿಗುಳ್ಳೆ ಪೂರ್ತಿ ಹೋಗಿರುವುದನ್ನು ಕಣ್ಣಾರೆ ನೋಡಿಕೊಳ್ಳಿ.

ಎರಡೂ ಸೀಲ್, ಎರಡೂ ಬೇರಿಂಗ್ ಹೊಸದಾದ ಮೇಲೆ ಇದೇ ಬಿಪಿ ಮಷೀನಿನ ಮುಳ್ಳು ಆರು ನಿಮಿಷದಲ್ಲಿ 300ರಿಂದ 285ಕ್ಕೆ ಇಳಿಯಿತು, ಅಷ್ಟೇ. ಆಕ್ಸಿಲೇಟರ್ ಬಿಟ್ಟ ಕೂಡಲೇ ಆರ್‌ಪಿಎಂ ಬೀಳುತ್ತದೆ. ಬ್ಲಾಕ್ ಮಾತ್ರ 51 ಮಿ.ಮೀ.ಗೆ ಬಂದು ನಿಂತಿದೆ, ಅದರ ಮುಂದಿನ ಸೈಜಿನ ಪಿಸ್ಟನ್ ಇಲ್ಲ.