ಸ್ಪ್ರೇ ಹೊಡೆಯೋದಾ, ಪೂರ್ತಿ ಬಿಚ್ಚೋದಾ, ಹೊಸ ಕಾರ್ಬುರೇಟರ್ ಹಾಕೋದಾ?

ಎರಡು ವರ್ಷ ಮೂಲೆಯಲ್ಲಿ ನಿಂತಿದ್ದ ಗಾಡಿ. ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್. ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತಿತ್ತು, ಚೋಕ್ ತೆಗೆದ ಕೂಡಲೇ ಆಫ್. ರೇಸ್ ಹಿಡಿದುಕೊಂಡರೆ ಚೆನ್ನಾಗಿಯೇ ಓಡುತ್ತಿತ್ತು.

ರೋಗದ ಗುರುತು ಇಲ್ಲೇ ಇದೆ. ಆಕ್ಸಿಲರೇಟರ್ ಮುಚ್ಚಿದಲ್ಲಿಂದ ಹೆಚ್ಚು ಕಡಿಮೆ ಕಾಲು ಭಾಗದವರೆಗೆ ಪೆಟ್ರೋಲ್ ಕೊಡುವುದು ಕಾರ್ಬುರೇಟರಿನ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಪೈಲಟ್ ಜೆಟ್, ಅಂದರೆ ಸಣ್ಣ ತೂತಿನ ಹಿತ್ತಾಳೆ ತುಣುಕು. ಅಲ್ಲಿಂದ ಮುಕ್ಕಾಲಿನವರೆಗೆ ನೀಡಲ್ (ಆಕ್ಸಿಲರೇಟರ್ ಜೊತೆ ಏರಿಳಿಯುವ ಸೂಜಿ), ಅದರ ಮೇಲೆ ದೊಡ್ಡ ತೂತಿನ ಮೇನ್ ಜೆಟ್. ರೇಸ್ ಕೊಟ್ಟಾಗ ಓಡಿ, ಬಿಟ್ಟಾಗ ಸಾಯುತ್ತಿದೆ ಅಂದರೆ ಮೊದಲ ಅನುಮಾನ ಪೈಲಟ್ ಜೆಟ್ ಮೇಲೆ. ಅದನ್ನು ಸರಿ ಮಾಡಲು ಮೂರು ದಾರಿ ನೋಡಿದೆ.

ಮೊದಲು ಸುಲಭದ್ದು. ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು ಬಿಚ್ಚಿ, ಕಂದು ಬಣ್ಣದ ಅಂಟು ಒರೆಸಿ, ಕಂಡ ಕಂಡ ತೂತಿಗೆಲ್ಲ ಕ್ಲೀನರ್ ಸ್ಪ್ರೇ ಹೊಡೆದೆ. ಅರ್ಧ ಗಂಟೆ ಕೆಲಸ. ಐಡ್ಲಿಂಗ್ (ರೇಸ್ ಕೊಡದೆ ಎಂಜಿನ್ ಓಡುತ್ತಿರುವುದು) ಸರಿಹೋಯಿತು, ನಾನೂ ಬೀಗಿದೆ. ಮೂರನೇ ದಿನ ಮತ್ತೆ ಅದೇ ಕಥೆ. ಸ್ಪ್ರೇ ಅಂಟನ್ನು ಸಡಿಲ ಮಾಡುತ್ತದೆ, ಆದರೆ ಸಡಿಲ ಆದದ್ದು ಎಲ್ಲಿಗೆ ಹೋಗಬೇಕು? ಪೆಟ್ರೋಲ್ ಜೊತೆ ಬಂದು ಅದೇ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಬಟ್ಟಲಿನ ರಬ್ಬರ್ ಉಬ್ಬಿ, ತನ್ನ ಗೀರಿನಲ್ಲಿ ಕೂರಲೇ ಇಲ್ಲ. ಅದನ್ನು ತೆಗೆದಿಟ್ಟು ಹೊಡೆಯಬೇಕಿತ್ತು.

ಎರಡನೆಯದು, ಪೂರ್ತಿ ಬಿಚ್ಚೋದು. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಬೆಳಕಿಗೆ ಹಿಡಿದರೆ ಸೂಜಿ ಮೊನೆಯಷ್ಟು ಬೆಳಕು ಕಾಣಬೇಕು. ನನ್ನದರಲ್ಲಿ ಕತ್ತಲು. ಸೂಜಿ ಹಾಕಿ ತಿವಿಯಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಜೆಟ್ ಹೋಯಿತು ಅಂತಲೇ ಲೆಕ್ಕ. ವೈರ್ ಒಳಗಿನ ಒಂದೇ ಎಳೆ ತಾಮ್ರ ಸಾಕು. ಸ್ಕ್ರೂಡ್ರೈವರ್ ಕೂಡ ಜೆಟ್ ತಲೆಯ ಗೀರಿಗೆ ಸರಿಯಾಗಿ ಕೂರಬೇಕು, ಇಲ್ಲ ಅಂದ್ರೆ ತಲೆ ಸವೆದು ಜೆಟ್ ಒಳಗೇ ಉಳಿಯುತ್ತದೆ. ಫ್ಲೋಟು (ಬಟ್ಟಲಿನ ಪೆಟ್ರೋಲ್ ಮಟ್ಟ ಕಾಯುವ ತೇಲುವ ಭಾಗ), ರಬ್ಬರ್ ಎಲ್ಲ ತೆಗೆದಿಟ್ಟು ಬಾಡಿಯನ್ನು ಅಲ್ಟ್ರಾಸಾನಿಕ್ (ಶಬ್ದದ ಕಂಪನದಿಂದ ತೊಳೆಯುವ) ತೊಟ್ಟಿಯಲ್ಲಿ ಬಿಸಿ ಸೋಪು ನೀರಿಗೆ ಹಾಕಿದೆ. ಕೈಯೂ ಸ್ಪ್ರೇಯೂ ತಲುಪದ ಒಳದಾರಿಗಳಿಂದ ಕೊಳೆ ಮೋಡದಂತೆ ಹೊರಬಂತು.

ಒಂದು ತಪ್ಪು ಮಾಡಿದೆ. ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗಿನಲ್ಲಿ ಗಾಳಿ, ಪೆಟ್ರೋಲ್ ಪ್ರಮಾಣ ಹೊಂದಿಸುವುದು) ಬಿಚ್ಚುವ ಮುಂಚೆ, ಒಳಗೆ ತಿರುಗಿಸಿ ಎಷ್ಟು ಸುತ್ತಿನಲ್ಲಿ ಕೂರುತ್ತದೆ ಅಂತ ಎಣಿಸಲಿಲ್ಲ. ಆಮೇಲೆ ಎರಡು ಸುತ್ತು ಹೊರಗೆ ಬಿಟ್ಟು, ಅಂದಾಜಿನಲ್ಲಿ ಹೊಂದಿಸಿಕೊಳ್ಳಬೇಕಾಯಿತು. ಇನ್ನೊಂದು ಗೊಂದಲ: ಈ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕಡೆ ಇದ್ದರೆ ಪೆಟ್ರೋಲ್ ಸ್ಕ್ರೂ, ಲೆಕ್ಕ ಪೂರ್ತಿ ಉಲ್ಟಾ. ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಗಾಡಿ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್. ಆದರೆ ಬಿಸಿಯಾದ ಮೇಲೆ ಐಡ್ಲಿಂಗ್ ಏರುತ್ತಾ ಇಳಿಯುತ್ತಾ ಕುಣಿಯುತ್ತಿತ್ತು. ಬೇಜಾರಾಗಿ ಮೂರನೇ ದಾರಿಗೆ ಹೋದೆ, ಒರಿಜಿನಲ್ ನೋಡಿ ಮಾಡಿದ ಅಗ್ಗದ ಹೊಸ ಕಾರ್ಬುರೇಟರ್.

ಹಾಕೋದು ಸುಲಭ, ಅದಕ್ಕೆ ಪೂರ್ತಿ ಅಂಕ. ಓಡಿಸಿದರೆ ಅರ್ಧ ಆಕ್ಸಿಲರೇಟರಿನಲ್ಲಿ ಗೊರಗೊರ, ಪಿಕಪ್ಪೇ ಇಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ನೋಡಿದರೆ ಒಣ ಮಸಿ, ಅಂದರೆ ಪೆಟ್ರೋಲ್ ಜಾಸ್ತಿ. ಹಳೇ ನೀಡಲಿನಲ್ಲಿ ಕ್ಲಿಪ್ ಮೇಲೆ ಕೆಳಗೆ ಮಾಡಲು ಐದು ಗೀರುಗಳಿವೆ. ಕ್ಲಿಪ್ ಒಂದು ಗೀರು ಮೇಲೆ ಹಾಕಿದರೆ ನೀಡಲ್ ಇಳಿದು ಪೆಟ್ರೋಲ್ ಕಡಿಮೆ ಆಗುತ್ತದೆ. ಹೊಸದರಲ್ಲಿ ಒಂದೇ ಗೀರು! ಜೆಟ್ ಮೇಲಿನ ನಂಬರ್ ಹಳೆಯದರದ್ದೇ, ಆದರೆ ಬೇರೆ ಬೇರೆ ತಯಾರಕರ ನಂಬರ್ ಒಂದೇ ಅಳತೆ ಅಂತ ನಂಬೋಕಾಗಲ್ಲ.

ತಮಾಷೆ ಅಂದರೆ, ಬಿಸಿಯಾದ ಮೇಲಿನ ಕುಣಿತ ಇದರಲ್ಲೂ ಇತ್ತು. ಆಗ ತಲೆಗೆ ಹೊಳೆಯಿತು, ಹಾಗಾದರೆ ತಪ್ಪು ಕಾರ್ಬುರೇಟರಿನದಲ್ಲ. ಗಾಡಿ ಐಡ್ಲಿಂಗಿನಲ್ಲಿರುವಾಗ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಕೊಳವೆ ಮೇಲೆ ನೀರು ಚಿಮುಕಿಸಿದೆ. ತಕ್ಷಣ ಸದ್ದು ಬದಲಾಯಿತು. ಮಡಚಿ ನೋಡಿದರೆ ಕೆಳಗಡೆ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಸುಮ್ನೆ ಗಾಳಿ ಎಳೆದುಕೊಳ್ಳುತ್ತಿತ್ತು.

ಕೊಳವೆ ಬದಲಿಸಿ, ತೊಳೆದಿದ್ದ ಹಳೇ ಕಾರ್ಬುರೇಟರನ್ನೇ ವಾಪಸ್ ಹಾಕಿದೆ. ಈಗ ಬಿಸಿಯಲ್ಲೂ ಐಡ್ಲಿಂಗ್ ನೆಟ್ಟಗೆ ನಿಲ್ಲುತ್ತದೆ, ಪ್ಲಗ್ ತುದಿ ತಿಳಿ ಕಂದು, ಅಂದರೆ ಮಿಶ್ರಣ ಸರಿ ಇದೆ.

ಹಾಗಂತ ಸ್ಪ್ರೇ ದಂಡ ಅಂತಲ್ಲ. ಗಾಡಿ ಒಂದೆರಡು ತಿಂಗಳಷ್ಟೇ ನಿಂತಿದ್ದರೆ ನಾನು ಮೊದಲು ಅದನ್ನೇ ನೋಡುತ್ತೇನೆ. ಎರಡು ವರ್ಷ ನಿಂತಿದ್ದಕ್ಕೆ ಬಿಚ್ಚಲೇಬೇಕು. ಹೊಸದು? ಹಳೆಯದರ ಬಾಡಿ ಸವೆದು ಸ್ಲೈಡ್ (ಆಕ್ಸಿಲರೇಟರ್ ಎಳೆದಾಗ ಏರುವ ಒಳಗಿನ ಭಾಗ) ಅಲ್ಲಾಡುತ್ತಿದ್ದರೆ ಮಾತ್ರ, ಅದೂ ಒರಿಜಿನಲ್ಲೇ ಸಿಕ್ಕರೆ. ನಾನು ತಂದದ್ದು ಡಬ್ಬಿಯಲ್ಲಿ ಕೂತಿದೆ. ಅದರ ಬಟ್ಟಲಿನ ಎರಡು ಸ್ಕ್ರೂ ಮಾತ್ರ ಹಳೆಯದರಲ್ಲಿ ದುಡಿಯುತ್ತಿವೆ.